ಪಟ್ಟಣಗಳಲ್ಲಿ ಹೆಣ್ಣುಮಕ್ಕಳ ಹಕ್ಕಿನ ಕೆಲಸ: ನಮ್ಮ ಪಂಚಾಯಿತಿಗೆ ಅದರಿಂದೇನು?

(ರೈತರ ಹಾಗೂ ಮಹಿಳಾ ಮಂಡಲಿಗಳ ಜಂಟಿ ಕೂಟದಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ. ಕೂಟಕ್ಕೆ ಬರಲಾಗದ ಹಳ್ಳಿಯವರ ಅನುಕೂಲಕ್ಕಾಗಿ ಇಲ್ಲಿ ಅಚ್ಚು ಹಾಕಿಸಿದೆ.)



ನಾನು ಎದ್ದು ನಿಂತರೆ ನೀವು ಬೀಜೋಪಚಾರದ ಮಾತನ್ನೋ, ಗೊಬ್ಬರದ ಗುಂಡಿಯ ಮಾತನ್ನೋ, ರಾಗಿಯ ಬೆಂಕಿರೋಗದ ಮಾತನ್ನೋ ನಿರೀಕ್ಷಿಸುತ್ತೀರಿ. ಕೃಷಿ ಡಿಪ್ಲೊಮಾ ಓದಿ ಬಂದವನಿಗೆ ಅದೇ ಕಸುಬು. ಈ ಹೊತ್ತು ಬೇರೆಯ ಮಾತು ಆಡಬೇಕೆಂದಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಪಂಚಾಯಿತಿಗಳು ಬರುವ ವರ್ಷದ ಕೆಲಸಗಳ ಪಟ್ಟಿ ಮಾಡಲಿವೆ. ಆ ಪಟ್ಟಿಯಲ್ಲಿ ಏನು ಸೇರಬೇಕು, ಯಾರ ಮಾತು ಸೇರಬೇಕು ಎಂಬುದನ್ನು ಮೊದಲೇ ಯೋಚಿಸದೆ ಹೋದರೆ ಎರಡು ಚರಂಡಿ, ಒಂದು ಸಮುದಾಯ ಭವನದ ಸುಣ್ಣಬಣ್ಣ, ಇಷ್ಟರಲ್ಲಿ ಪಟ್ಟಿ ಮುಗಿದುಹೋಗುತ್ತದೆ. ಆದ್ದರಿಂದ ಹೆಣ್ಣುಮಕ್ಕಳ ಹಕ್ಕಿನ ವಿಷಯದಲ್ಲಿ ಬೇರೆ ಬೇರೆ ಪಟ್ಟಣಗಳಲ್ಲಿ ಆಯಾ ಊರಿನವರೇ ಏನೇನು ಮಾಡಿಕೊಂಡರು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ.

"ಪಟ್ಟಣದ ಮಾತು ಹಳ್ಳಿಯವರಿಗೆ ಏಕಪ್ಪಾ?" ಎಂದು ಹಿಂದಿನ ಸಾಲಿನಲ್ಲಿ ಕುಳಿತ ಯಜಮಾನರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಿಮ್ಮಲ್ಲಿ ಎಷ್ಟು ಮಂದಿಯ ಮಗಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಇದ್ದಾಳೆ? ಎಷ್ಟು ಮಂದಿಯ ಸೊಸೆ ಮುಂಜಾನೆ ಸೊಪ್ಪಿನ ಗಂಟು ಹೊತ್ತು ಪೇಟೆಗೆ ಹೋಗುತ್ತಾಳೆ? ಎಷ್ಟು ಮನೆಗಳಲ್ಲಿ ಹುಡುಗಿ ಹತ್ತನೆಯ ತರಗತಿ ಮುಗಿಸಿ, ಕಾಲೇಜು ದೂರವೆಂದು ಮನೆಯಲ್ಲೇ ಕುಳಿತಿದ್ದಾಳೆ? ಪಟ್ಟಣ ನಮ್ಮಿಂದ ದೂರ ಉಳಿದಿಲ್ಲ. ಇನ್ನೊಂದು ಮಾತೂ ಉಂಟು. ಪಟ್ಟಣಕ್ಕೆ ನಗರಸಭೆ ಹೇಗೋ ಹಳ್ಳಿಗೆ ಪಂಚಾಯಿತಿ ಹಾಗೆ. ಅವರಿಗೆ ಸಾಧ್ಯವಾದದ್ದರಲ್ಲಿ ನಮಗೂ ಸಾಧ್ಯವಾಗತಕ್ಕದ್ದು ಬಹಳವಿದೆ.

ಮೊದಲು ನಮ್ಮ ದೇಶದ ಅಹಮದಾಬಾದಿಗೆ ಹೋಗೋಣ. ಬಟ್ಟೆ ಗಿರಣಿಗಳ ಊರು. ಗಾಂಧೀಜಿಯವರೂ ಅನಸೂಯಾ ಸಾರಾಭಾಯಿಯವರೂ ಕಟ್ಟಿ ಬೆಳೆಸಿದ ಮಜೂರ್ ಮಹಾಜನ ಸಂಘ ಅಲ್ಲಿ ೧೯೨೦ರಿಂದ ಇದೆ. ಗಿರಣಿಯ ಕಾರ್ಮಿಕರಿಗೆ ಆ ಸಂಘ ಆಸರೆಯಾಗಿತ್ತು. ಆದರೆ ಬಟ್ಟೆ ಪೇಟೆಯಲ್ಲಿ ಥಾನುಗಳನ್ನು ತಲೆಯ ಮೇಲೆ ಹೊರುವ ಹೆಂಗಸರು, ಕೈಗಾಡಿ ಎಳೆಯುವ ಹೆಂಗಸರು, ಹಳೆಬಟ್ಟೆ ವ್ಯಾಪಾರ ಮಾಡುವ ಹೆಂಗಸರು ಯಾವ ಸಂಘದ ಲೆಕ್ಕಕ್ಕೂ ಬಂದಿರಲಿಲ್ಲ. ಅವರಿಗೆ ಗೊತ್ತಾದ ಒಬ್ಬ ಮಾಲೀಕನಿಲ್ಲ, ಹಾಜರಿ ಪುಸ್ತಕವಿಲ್ಲ. ಹೊತ್ತ ಹೊರೆಗೆ ಇಷ್ಟು ಎಂದು ಕೂಲಿ. ಎಷ್ಟು ಸಲ ಹೊತ್ತರೆಂಬುದಕ್ಕೆ ಚೀಟಿಯೂ ಇಲ್ಲ. ವರ್ತಕ ಕೊಟ್ಟದ್ದೇ ಲೆಕ್ಕ.

ಆಗ ಆ ಸಂಘದ ಮಹಿಳಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಇಳಾ ಭಟ್ ಎಂಬ ವಕೀಲೆ. ೧೯೭೧ರಲ್ಲಿ ಈ ಹೊರೆ ಹೊರುವ ಹೆಂಗಸರ ಸ್ಥಿತಿಯನ್ನು ಕಣ್ಣಾರೆ ಕಂಡು ಊರಿನ ಪತ್ರಿಕೆಗೆ ಒಂದು ಲೇಖನ ಬರೆದರು. ವರ್ತಕರಿಗೆ ಸಿಟ್ಟು ಬಂತು. "ನಾವು ನ್ಯಾಯವಾದ ಕೂಲಿಯನ್ನೇ ಕೊಡುತ್ತಿದ್ದೇವೆ" ಎಂದು ಅವರೂ ಪತ್ರಿಕೆಯಲ್ಲಿ ಹಾಕಿಸಿದರು. ಮಹಿಳಾ ವಿಭಾಗದವರು ಜಗಳಕ್ಕೆ ಹೋಗಲಿಲ್ಲ. ವರ್ತಕರು ತಾವೇ ಹೇಳಿಕೊಂಡಿದ್ದನ್ನು ಚಿಕ್ಕ ಚೀಟಿಗಳ ಮೇಲೆ ಅಚ್ಚು ಹಾಕಿಸಿ ಹೆಂಗಸರ ಕೈಗೆ ಕೊಟ್ಟರು. ಕೂಲಿ ಕೇಳುವಾಗ ಈ ಚೀಟಿ ತೋರಿಸಬೇಕು, ಅಷ್ಟೇ. ವರ್ತಕನಿಗೆ ತನ್ನ ಮಾತನ್ನು ತಾನೇ ನುಂಗುವಂತಿಲ್ಲ. ನನಗೆ ಈ ಸಂಗತಿ ಬಹಳ ಮೆಚ್ಚುಗೆಯಾಯಿತು. ಕಾಗದದ ಮೇಲೆ ಬಂದ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಸೊಸೈಟಿಯ ಸಾಲ ತಂದ ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷದ ಕೊನೆಯಲ್ಲಿ ಹೆಂಗಸರು ಸಭೆ ಸೇರಿ, ನಮಗೆ ನಮ್ಮದೇ ಸಂಘ ಬೇಕೆಂದರು. ಕಾರ್ಮಿಕ ಇಲಾಖೆಯವರು ಒಪ್ಪಲಿಲ್ಲ. ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘ ಎಂಬುದು ಅವರ ತರ್ಕ. ಸಂಘವಿರುವುದು ಯಾರ ವಿರುದ್ಧವೋ ಎಂದಲ್ಲ, ಕೂಡಿ ಬದುಕುವುದಕ್ಕೆ ಎಂದು ವಾದಿಸಿ, ಕೊನೆಗೆ ೧೯೭೨ರ ಏಪ್ರಿಲಿನಲ್ಲಿ ಕಾರ್ಮಿಕ ಸಂಘವಾಗಿ ನೋಂದಣಿ ಮಾಡಿಸಿಕೊಂಡರು. ಅದೇ 'ಸೇವಾ' ಎಂದು ಹೆಸರಾದ ಸ್ವಉದ್ಯೋಗಿ ಮಹಿಳೆಯರ ಸಂಘ. ಈಗ ಅದರ ಸದಸ್ಯರು ಹಲವು ರಾಜ್ಯಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹಳ್ಳಿಗಳ ಕೃಷಿಕ ಹೆಂಗಸರೂ ಬಹಳ ಮಂದಿ ಇದ್ದಾರೆ.

ಸಂಘವಾಯಿತು, ದುಡ್ಡಿನ ಕಷ್ಟ ಹೋಗಲಿಲ್ಲ. ಬೆಳಗ್ಗೆ ಸಾಲ ತಂದು ತರಕಾರಿ ಕೊಂಡು, ಸಂಜೆ ಮಾರಿ ಬಡ್ಡಿಸಮೇತ ತೀರಿಸುವುದು. ಮಾರನೆಯ ದಿನ ಮತ್ತೆ ಅದೇ. ಬ್ಯಾಂಕಿಗೆ ಹೋದರೆ ಕೊಳೆಬಟ್ಟೆ ಉಟ್ಟು, ಕಂಕುಳಲ್ಲಿ ಕೂಸು ಹೊತ್ತು, ಸೆರಗಿನ ತುದಿಯಲ್ಲಿ ಚಿಲ್ಲರೆ ಕಟ್ಟಿಕೊಂಡು ಬಂದವಳನ್ನು ಅಲ್ಲಿನವರು ನೋಡುವ ನೋಟವೇ ಬೇರೆ. ಆಗ ಹೆಂಗಸರು ಬ್ಯಾಂಕನ್ನೇ ಕಟ್ಟಲು ಹೊರಟರು. ನಾಲ್ಕು ಸಾವಿರ ಹೆಂಗಸರು ತಲೆಗೆ ಹತ್ತು ರೂಪಾಯಿಯಂತೆ ಷೇರು ಹಾಕಿದರು. ಅಲ್ಲಿಗೆ ನಲವತ್ತು ಸಾವಿರ ರೂಪಾಯಿ. ಓದು ಬರಹ ಬಾರದವರು ಬ್ಯಾಂಕು ನಡೆಸುವುದುಂಟೇ, ಸಹಿ ಹಾಕುವವರು ಯಾರು ಎಂದು ನೋಂದಣಿಯ ಅಧಿಕಾರಿಗಳು ತಡೆದರು. ಮುಂದಾಳುಗಳಾಗಿದ್ದ ಹೆಂಗಸರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರು ಬರೆಯುವುದನ್ನು ಕಲಿತರು. ೧೯೭೪ರಲ್ಲಿ ಬ್ಯಾಂಕು ನೋಂದಣಿಯಾಯಿತು. ಸಹಿ ಬಾರದ ಗಿರಾಕಿಗಳಿಗೆ ಪಾಸ್‌ಬುಕ್ಕಿನಲ್ಲಿ ಅವರ ಭಾವಚಿತ್ರ ಅಂಟಿಸಿದರು. ಹಣ ಅವಳ ಹೆಸರಿನಲ್ಲಿದ್ದರೆ ಕುಡಿತಕ್ಕೋ ಇಸ್ಪೀಟಿಗೋ ಅದನ್ನು ಎತ್ತಿಕೊಂಡು ಹೋಗುವುದು ಸುಲಭವಲ್ಲ. ಇಲ್ಲಿ ಕುಳಿತ ಗಂಡಸರಲ್ಲಿ ಕೆಲವರು ಈಗ ನಕ್ಕಿರಿ, ನಗಿ, ಅಡ್ಡಿಯಿಲ್ಲ.

ಬೀದಿ ಬದಿಯ ವ್ಯಾಪಾರಿಗಳ ಪರವಾಗಿ ಇಂಥ ಸಂಘಗಳು ಬಹುಕಾಲ ಹೋರಾಡಿದ ಮೇಲೆ ೨೦೧೪ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಅದರ ಪ್ರಕಾರ ಪ್ರತಿ ಪಟ್ಟಣದಲ್ಲೂ ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡಾ ೪೦ಕ್ಕೆ ಕಡಿಮೆ ಇರಕೂಡದು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ನಮ್ಮ ಹಳ್ಳಿಗಳಿಂದ ದಿನವೂ ಪೇಟೆಗೆ ಹೋಗಿ ಸೊಪ್ಪು, ಹೂವು, ಅವರೆಕಾಯಿ ಮಾರುವ ತಾಯಂದಿರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಪುರಸಭೆಯ ಕಚೇರಿಗೆ ಹೋಗಿ, ಸಮೀಕ್ಷೆಯಲ್ಲಿ ನಮ್ಮ ಹೆಸರು ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಒಬ್ಬೊಬ್ಬರೇ ಹೋಗಬೇಡಿ, ನಾಲ್ಕಾರು ಮಂದಿ ಕೂಡಿ ಹೋಗಿ.

ಇನ್ನು ಸಮುದ್ರ ದಾಟಿ ಅಮೆರಿಕಕ್ಕೆ. ೧೯೭೯ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯು ಹೆಂಗಸರ ಬಗೆಗಿನ ಎಲ್ಲ ವಿಧದ ತಾರತಮ್ಯವನ್ನು ತೊಡೆದುಹಾಕುವ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಅದನ್ನು ಚಿಕ್ಕದಾಗಿ ಸೀಡಾ ಎನ್ನುತ್ತಾರೆ. ನಮ್ಮ ಭಾರತ ಸರ್ಕಾರ ೧೯೯೩ರಲ್ಲಿ ಅದನ್ನು ಸ್ಥಿರೀಕರಿಸಿತು. ವಿಚಿತ್ರವೆಂದರೆ, ಅಮೆರಿಕ ದೇಶವು ೧೯೮೦ರಲ್ಲಿ ಸಹಿ ಹಾಕಿದ್ದರೂ ಅದರ ಸೆನೆಟ್ ಸಭೆ ಈ ತನಕ ಅದನ್ನು ಸ್ಥಿರೀಕರಿಸಿಲ್ಲ. ಹಾಗೆಂದು ಅಲ್ಲಿನ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹೆಂಗಸರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ದೇಶ ಒಪ್ಪದಿದ್ದರೆ ನಮ್ಮ ಊರಾದರೂ ಒಪ್ಪಲಿ ಎಂದು ನಗರಸಭೆಯ ಬೆನ್ನು ಹತ್ತಿದರು. ೧೯೯೮ರ ಏಪ್ರಿಲಿನಲ್ಲಿ ಆ ಒಡಂಬಡಿಕೆಯ ತತ್ತ್ವಗಳನ್ನು ನಗರಸಭೆಯು ತನ್ನದೇ ಸ್ಥಳೀಯ ಕಾನೂನನ್ನಾಗಿ ಮಾಡಿಕೊಂಡಿತು. ಹಾಗೆ ಮಾಡಿದ ಮೊದಲ ಅಮೆರಿಕನ್ ನಗರ ಅದು. ೨೦೦೩ರಲ್ಲಿ ಲಾಸ್ ಏಂಜಲೀಸ್ ಅದೇ ದಾರಿ ಹಿಡಿಯಿತು. ೨೦೧೪ರಿಂದ ಈಚೆಗೆ ಊರೂರಿನಲ್ಲಿ ಈ ಕೆಲಸವನ್ನು ಮಾಡಿಸಬೇಕೆಂಬ ಚಳವಳಿಯೇ ಅಲ್ಲಿ ನಡೆದಿದೆ.

ಕಾನೂನು ಬರೆದದ್ದು ದೊಡ್ಡದಲ್ಲ, ಆಮೇಲೆ ಮಾಡಿದ್ದನ್ನು ಕೇಳಿ. ನಗರದ ಒಂದೊಂದು ಇಲಾಖೆಯೂ ತನ್ನ ಕೆಲಸವನ್ನೂ ಖರ್ಚನ್ನೂ ಎದುರಿಗಿಟ್ಟುಕೊಂಡು, ಇದರಿಂದ ಗಂಡಸರಿಗೆ ಎಷ್ಟು ಪ್ರಯೋಜನ, ಹೆಂಗಸರಿಗೆ ಎಷ್ಟು, ಹುಡುಗಿಯರಿಗೆ ಎಷ್ಟು ಎಂದು ಲೆಕ್ಕ ಹಾಕಬೇಕು. ಮೊದಲು ಎರಡು ಇಲಾಖೆಗಳನ್ನು ಆರಿಸಿಕೊಂಡರು. ಒಂದು ಲೋಕೋಪಯೋಗಿ ಇಲಾಖೆ. ಇನ್ನೊಂದು ತಪ್ಪು ಮಾಡಿ ಸಿಕ್ಕಿಬಿದ್ದ ಎಳೆಯರನ್ನು ನೋಡಿಕೊಳ್ಳುವ ಇಲಾಖೆ. ರಸ್ತೆಯಲ್ಲಿ ಗಂಡುರಸ್ತೆ ಹೆಣ್ಣುರಸ್ತೆ ಎಂದು ಇದೆಯೇ ಎಂದು ನೀವೂ ಕೇಳುತ್ತೀರಿ, ಅಲ್ಲಿನ ಎಂಜಿನಿಯರರಿಗೂ ಹಾಗೆಯೇ ಅನಿಸಿರಬೇಕು. ನೋಡುತ್ತ ಹೋದರೆ ಬೀದಿದೀಪಗಳು ಎಲ್ಲಿವೆ, ಎಲ್ಲಿಲ್ಲ ಎಂಬುದರಲ್ಲೇ ವ್ಯತ್ಯಾಸವಿತ್ತು. ಕಾರಿನಲ್ಲಿ ಹೋಗುವವನಿಗೆ ದೀಪ ದೂರ ದೂರವಿದ್ದರೂ ನಡೆಯುತ್ತದೆ. ರಾತ್ರಿ ಪಾಳಿ ಮುಗಿಸಿ ನಡೆದು ಬರುವವಳಿಗೆ ನಡೆಯುವುದಿಲ್ಲ. ಕೂಸಿನ ಗಾಡಿ ತಳ್ಳುವವಳಿಗೆ ಕಾಲುದಾರಿಯ ಅಂಚು ಇಳಿಜಾರಾಗಿರಬೇಕು. ಎಳೆಯರ ಇಲಾಖೆಯಲ್ಲಿ ಹುಡುಗಿಯರು ಹೆಚ್ಚಾಗಿ ಬರತೊಡಗಿದ್ದರೂ ಏರ್ಪಾಡುಗಳೆಲ್ಲ ಹುಡುಗರನ್ನು ನೆನೆದು ಮಾಡಿದವೇ ಆಗಿದ್ದವು. ಹಲವು ಕಡೆ ಗಂಡು ಹೆಣ್ಣು ಎಂಬ ಲೆಕ್ಕವನ್ನೇ ಬರೆದಿಟ್ಟಿರಲಿಲ್ಲ. ಬರೆದಿಡದೆ ಇದ್ದದ್ದು ಯಾರ ಕಣ್ಣಿಗೆ ಬೀಳಬೇಕು?

ಇದೇ ಬಗೆಯ ಕೆಲಸ ಯುರೋಪಿನ ವಿಯೆನ್ನಾ ನಗರದಲ್ಲಿ ಇನ್ನೂ ಮುಂಚಿತವಾಗಿ, ಇನ್ನೂ ಸೊಗಸಾಗಿ ನಡೆದಿದೆ. ಆಸ್ಟ್ರಿಯಾ ದೇಶದ ರಾಜಧಾನಿ ಅದು. ೧೯೯೧ರಲ್ಲಿ ಇಬ್ಬರು ಹೆಂಗಸರು ಸೇರಿ ಅಲ್ಲಿ ಒಂದು ಭಾವಚಿತ್ರ ಪ್ರದರ್ಶನ ಏರ್ಪಡಿಸಿದರು. ಅವರಲ್ಲಿ ಒಬ್ಬರು ಏವಾ ಕೈಲ್ ಎಂಬ ನಗರಯೋಜಕಿ. ಪ್ರದರ್ಶನದಲ್ಲಿ ಅರಮನೆಗಳ ಚಿತ್ರವಿರಲಿಲ್ಲ. ಬೇರೆ ಬೇರೆ ವಯಸ್ಸಿನ ಕೆಲವು ಸಾಮಾನ್ಯ ಹೆಂಗಸರು, ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಊರಿನಲ್ಲಿ ಎಲ್ಲೆಲ್ಲಿ ಹೋಗಿಬರುತ್ತಾರೆ ಎಂಬ ಚಿತ್ರಗಳು ಮಾತ್ರ. ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದ ಕೆಲಸಕ್ಕೆ, ಅಲ್ಲಿಂದ ಅಂಗಡಿಗೆ, ಮುದಿ ತಾಯಿಯ ಮನೆಗೆ, ಮತ್ತೆ ಶಾಲೆಗೆ, ಮನೆಗೆ. ಗಂಡಸು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ. ಊರಿನ ರಸ್ತೆಗಳೂ ಬಂಡಿಗಳೂ ಆ ಎರಡನೆಯ ಬಗೆಯ ಓಡಾಟಕ್ಕೇ ಹೊಂದಿಸಿದ್ದವೆಂಬುದು ಜನಕ್ಕೆ ಆಗ ಹೊಳೆಯಿತು. ಮರುವರ್ಷವೇ ನಗರಸಭೆ ಒಂದು ಮಹಿಳಾ ಕಚೇರಿಯನ್ನು ತೆರೆದು ಅದರ ಹೊಣೆಯನ್ನು ಏವಾ ಕೈಲರಿಗೇ ಒಪ್ಪಿಸಿತು.

ಆ ಕಚೇರಿಯವರು ಕೈಹಾಕಿದ ಮೊದಲ ದೊಡ್ಡ ಕೆಲಸ ಮನೆಗಳದು. ೧೯೯೩ರಿಂದ ೧೯೯೭ರ ತನಕ, ನಾಲ್ವರು ಮಹಿಳಾ ವಾಸ್ತುಶಿಲ್ಪಿಗಳ ನಕ್ಷೆಯ ಮೇಲೆ ೩೫೭ ಮನೆಗಳ ಒಂದು ವಸತಿಯನ್ನು ಕಟ್ಟಿಸಿದರು. ಕೂಸಿನ ಗಾಡಿ ಇಡಲು ಅಂತಸ್ತಿಗೊಂದು ಜಾಗ, ಅಗಲವಾದ ಮೆಟ್ಟಿಲು, ಅಂಗಳದಲ್ಲೇ ಮಕ್ಕಳ ಆಟ, ವಸತಿಯೊಳಗೇ ಶಿಶುವಿಹಾರ. ಮನೆಗೆಲಸ ಮಾಡುವವರನ್ನು ಕೇಳಿ ಮನೆ ಕಟ್ಟಿದರೆ ಹೀಗಾಗುತ್ತದೆ. ನಮ್ಮಲ್ಲಿ ಒಲೆಯ ಹೊಗೆ ಹೋಗುವ ದಾರಿಯನ್ನು ಗಾರೆಯವನೇ ತೀರ್ಮಾನಿಸುತ್ತಾನೆ, ಒಲೆಯ ಮುಂದೆ ಕೂರುವವಳನ್ನು ಯಾರೂ ಕೇಳುವುದಿಲ್ಲ. ಇದು ನಾನು ಮನೆಮನೆಯಲ್ಲಿ ಕಂಡ ಮಾತು.

ಆಮೇಲೆ ಉದ್ಯಾನಗಳ ಸರದಿ. ಇದನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನ ಹುಡುಗಿಯರ ಕಥೆಯೂ ಇದೇ. ೧೯೯೦ರ ದಶಕದ ನಡುವಿನಲ್ಲಿ ವಿಯೆನ್ನಾದವರು ಉದ್ಯಾನಗಳಲ್ಲಿ ಆಡುವ ಮಕ್ಕಳನ್ನು ಗಮನಿಸಿ ನೋಡಿದರು. ಚಿಕ್ಕ ಮಕ್ಕಳಲ್ಲಿ ಹುಡುಗ ಹುಡುಗಿ ಎರಡೂ ಸಮನಾಗಿ ಇದ್ದರು. ಒಂಬತ್ತು ಹತ್ತು ವರ್ಷ ಆಯಿತೆಂದರೆ ಹುಡುಗಿಯರು ಥಟ್ಟನೆ ಕಡಿಮೆ! ಹುಡುಗಿಯರಿಗೆ ಆಟದ ಆಸೆ ಬತ್ತಿಹೋಯಿತೇ? ಹಾಗಲ್ಲ. ಇಡೀ ಉದ್ಯಾನದಲ್ಲಿ ಇದ್ದದ್ದು ಒಂದೇ ದೊಡ್ಡ ಬಯಲು. ಅದು ಬಲವಿದ್ದವರ ಪಾಲು. ಚೆಂಡಾಟದ ಹುಡುಗರು ಬಂದರೆ ಹುಡುಗಿಯರು ಜಗಳವಾಡದೆ ಮನೆಯ ದಾರಿ ಹಿಡಿಯುತ್ತಿದ್ದರು. ೧೯೯೯ರ ಸುಮಾರಿನಲ್ಲಿ ಐದನೆಯ ವಿಭಾಗದ ಎರಡು ಉದ್ಯಾನಗಳನ್ನು ಬೇರೆ ರೀತಿ ರೂಪಿಸಿದರು. ದೊಡ್ಡ ಬಯಲನ್ನು ಸಣ್ಣ ಸಣ್ಣ ಅಂಕಣಗಳಾಗಿ ಒಡೆದರು. ವಾಲಿಬಾಲ್, ಬ್ಯಾಡ್ಮಿಂಟನ್ ಆಟಕ್ಕೆ ಜಾಗ ಮಾಡಿದರು. ಒಳಕ್ಕೆ ಹೋಗಿಬರಲು ಹೆಚ್ಚು ಕಾಲುದಾರಿ ಇಟ್ಟರು. ಹುಡುಗಿಯರು ಹಿಂದಿರುಗಿದರು. ಹುಡುಗರೂ ಓಡಿಹೋಗಲಿಲ್ಲ, ಅವರೂ ಆಡಿಕೊಂಡೇ ಇದ್ದರು.

ಈಗ ನಮ್ಮ ಪ್ರೌಢಶಾಲೆಯ ಬಯಲನ್ನು ನೆನೆದುಕೊಳ್ಳಿ. ಸಂಜೆ ಕ್ರಿಕೆಟ್ಟು ಆಡುವವರು ಯಾರು? ಗ್ರಂಥಾಲಯದ ಜಗಲಿಯ ಮೇಲೆ ಪೇಪರು ಓದುತ್ತ ಕೂರುವವರು ಯಾರು? ಅರಳಿಕಟ್ಟೆ ಯಾರದು? ಹುಡುಗಿ ಹೊರಗೆ ಕಾಣುವುದು ನೀರಿನ ಕೊಳಾಯಿಯ ಹತ್ತಿರ, ಬಸ್ಸಿನ ನಿಲ್ದಾಣದ ಹತ್ತಿರ, ಅದೂ ಕೆಲಸವಿದ್ದಾಗ. ಊರ ಹಣದಲ್ಲಿ ಮಾಡಿದ ಬಯಲಿನಲ್ಲಿ ಅವಳಿಗೂ ಅರ್ಧ ಪಾಲು ಉಂಟು.

ಐಸ್‌ಲ್ಯಾಂಡ್ ಎಂಬ ಹಿಮದ ದ್ವೀಪದ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ೧೯೭೫ರ ಅಕ್ಟೋಬರ್ ೨೪ರಂದು ಅಲ್ಲಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಒಂದು ದಿನ ರಜ ಹಾಕಿದರು. ಕಚೇರಿಗೂ ರಜ, ಅಡುಗೆಮನೆಗೂ ರಜ, ತೊಟ್ಟಿಲಿಗೂ ರಜ. ರಾಜಧಾನಿ ರೇಕ್ಯಾವಿಕ್‌ನ ಚೌಕದಲ್ಲಿ ಇಪ್ಪತ್ತೈದು ಸಾವಿರ ಮಂದಿ ನೆರೆದರು. ಆಗ ಆ ದೇಶದ ಜನಸಂಖ್ಯೆಯೇ ಎರಡು ಲಕ್ಷ ಚಿಲ್ಲರೆ. ಮೀನು ಕಾರ್ಖಾನೆಗಳು ಮುಚ್ಚಿದವು, ಟೆಲಿಫೋನು ಕೆಲಸ ಕೆಟ್ಟಿತು, ತಂದೆಯರು ಮಕ್ಕಳನ್ನು ಕೈಹಿಡಿದು ಕಚೇರಿಗೆ ಕರೆತಂದರು. ಬೇಗ ಬೇಯುತ್ತದೆಂದು ಎಲ್ಲ ಗಂಡಸರೂ ಸಾಸೇಜನ್ನೇ ಕೊಳ್ಳಲು ಹೋಗಿ ಅಂಗಡಿಗಳಲ್ಲಿ ಅದು ತೀರಿಹೋಯಿತಂತೆ. ನಮ್ಮಲ್ಲಾದರೆ ಉಪ್ಪಿಟ್ಟಿನ ರವೆ ತೀರಬಹುದು. ಮರುವರ್ಷ ಸಮಾನತೆಯ ಕಾಯಿದೆ ಬಂತು. ೧೯೮೦ರಲ್ಲಿ ವಿಗ್ದಿಸ್ ಎಂಬ ಮಹಿಳೆ ಜನರ ಮತದಿಂದಲೇ ಅಧ್ಯಕ್ಷೆಯಾದರು. ೧೯೮೨ರ ಪುರಸಭಾ ಚುನಾವಣೆಯಲ್ಲಿ ರೇಕ್ಯಾವಿಕ್ ಮತ್ತು ಅಕುರೇರಿ ಎಂಬ ಎರಡು ಊರುಗಳಲ್ಲಿ ಹೆಂಗಸರು ತಮ್ಮದೇ ಪಟ್ಟಿ ಮಾಡಿ ನಿಂತು ಎರಡೆರಡು ಸ್ಥಾನ ಗೆದ್ದರು.

ಬೆಂಗಳೂರಿನ ಮಾತನ್ನು ಬಿಡುವಂತಿಲ್ಲ. ೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣವನ್ನು ೫೮ ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬುದು ಹೊಸ ನಿಯಮ. ಕಚೇರಿಯಲ್ಲಿ ಕುಳಿತು ಬರೆದವರಿಗೆ ಅದು ಮುಪ್ಪಿನ ಕಾಲದ ಭದ್ರತೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳಿಗೆ ಆ ಹಣ ತಂಗಿಯ ಮದುವೆ, ಮಗನ ಕಾಲೇಜಿನ ಫೀಸು, ಅಪ್ಪನ ಬೋರ್‌ವೆಲ್ಲಿನ ಸಾಲ. ೫೮ರ ತನಕ ಹೊಲಿಗೆ ಯಂತ್ರದ ಮುಂದೆ ಕೂರುವ ಬೆನ್ನು ಯಾರಿಗಿದೆ? ಏಪ್ರಿಲ್ ೧೮ ಮತ್ತು ೧೯ರಂದು ಸಾವಿರಾರು ಕಾರ್ಮಿಕರು, ಬಹುಪಾಲು ಹೆಂಗಸರು, ಯಂತ್ರ ನಿಲ್ಲಿಸಿ ರಸ್ತೆಗಿಳಿದರು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನ ಕಲ್ಲು ತೂರಾಟ, ಬಸ್ಸಿಗೆ ಬೆಂಕಿ, ಲಾಠಿ ಇವೂ ನಡೆದವು; ಬಸ್ಸು ಸುಡುವುದನ್ನು ನಾನು ಒಪ್ಪುವವನಲ್ಲ, ಅದರಲ್ಲಿ ಓಡಾಡುವವರು ನಾವೇ. ಆದರೆ ಅದೇ ೧೯ರಂದು ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅದರ ಲಾಭ ಇಡೀ ದೇಶದ ಕಾರ್ಮಿಕರಿಗೆ ಆಯಿತು. ಆ ಗುಂಪಿನಲ್ಲಿ ಹಳ್ಳಿಗಳಿಂದ ಹೋದ ಹೆಣ್ಣುಮಕ್ಕಳು ಎಷ್ಟೋ ಮಂದಿ.

ಬಂಧುಗಳೇ, ಈಗ ನಮ್ಮ ಊರಿಗೆ ಬರೋಣ. ಪಂಚಾಯಿತಿಯಲ್ಲಿ ಹೆಂಗಸರಿಗೆ ಸ್ಥಾನ ಕೊಡುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಸಂವಿಧಾನದ ೭೩ನೆಯ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದು ಇಡೀ ದೇಶದಲ್ಲಿ ಮೂರನೆಯ ಒಂದು ಪಾಲು ಮೀಸಲಾತಿ ಬರುವ ಮುಂಚೆಯೇ, ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಚುನಾವಣೆಯಲ್ಲಿ ನಮ್ಮ ರಾಜ್ಯ ಶೇಕಡಾ ೨೫ ಸ್ಥಾನಗಳನ್ನು ಹೆಂಗಸರಿಗೆ ಇಟ್ಟಿತ್ತು. ೨೦೧೦ರಿಂದ ಅದು ಅರ್ಧಕ್ಕೆ ಏರಿದೆ. ಕುರ್ಚಿ ಸಿಕ್ಕಿತು. ಆದರೆ ಸಭೆಗೆ ಯಾರು ಬರುತ್ತಾರೆ? ಸದಸ್ಯೆಯ ಗಂಡ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಆಕೆ ಬಾಗಿಲ ಬಳಿ ಸೆರಗು ಹೊದ್ದು ನಿಂತು ಹೇಳಿದ ಕಡೆ ಸಹಿ ಹಾಕುತ್ತಾಳೆ. ಎಲ್ಲ ಕಡೆಯೂ ಹೀಗಿಲ್ಲ ಎಂಬುದು ನಿಜ. ಗಂಟಲು ತೆರೆದು ಮಾತಾಡುವ ತಾಯಂದಿರನ್ನೂ ನಮ್ಮ ಸಭೆಗಳಲ್ಲಿ ಕಂಡಿದ್ದೇನೆ. ಅವರ ಊರಿನ ಕೊಳಾಯಿಯಲ್ಲಿ ನೀರು ಬರುವುದನ್ನೂ ಕಂಡಿದ್ದೇನೆ.

ಗ್ರಾಮಸಭೆಗೆ ಮುಂಚೆ ಮಹಿಳಾ ಗ್ರಾಮಸಭೆ ನಡೆಸಬೇಕು, ಮಕ್ಕಳ ಗ್ರಾಮಸಭೆ ನಡೆಸಬೇಕು. ಇವು ಕಾಗದದ ಮೇಲೆ ಮುಗಿದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದವರು ಮಾಡಿದ ಲೆಕ್ಕವನ್ನು ನಾವೂ ಒಂದು ಹಾಳೆಯ ಮೇಲೆ ಮಾಡಬಹುದು. ಕತ್ತಲಾದ ಮೇಲೆ ಊರನ್ನು ಒಮ್ಮೆ ಸುತ್ತಿ ಬನ್ನಿ. ಯಾವ ದೀಪ ಉರಿಯುತ್ತದೆ, ಯಾವುದು ಉರಿಯುವುದಿಲ್ಲ, ಬಸ್ಸಿನ ನಿಲ್ದಾಣದಿಂದ ಕಾಲೋನಿಯ ತನಕ ಎಷ್ಟು ಹೆಜ್ಜೆ ಕತ್ತಲು ಎಂದು ಗುರುತು ಹಾಕಿಕೊಳ್ಳಿ. ಶಾಲೆಯಲ್ಲಿ ಹುಡುಗಿಯರ ಪಾಯಖಾನೆಗೆ ಚಿಲಕ ಇದೆಯೇ, ನೀರು ಇದೆಯೇ ಎಂದು ಹುಡುಗಿಯರನ್ನೇ ಕೇಳಿ. ಮೇಷ್ಟರನ್ನು ಆಮೇಲೆ ಕೇಳಿದರೆ ಸಾಕು. ಕಾಲೇಜಿಗೆ ಹೋಗುವ ಹೊತ್ತಿಗೆ ಬಸ್ಸು ಬರುತ್ತದೆಯೇ? ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ಉಳಿಯಿತು. ಆದರೆ ಬಸ್ಸೇ ಬಾರದ ಊರಿನವಳಿಗೆ ಉಳಿದದ್ದೇನು? ಆ ಊರಿನವರು ಡಿಪೋಗೆ ಅರ್ಜಿ ಹಾಕಬೇಕಾದರೆ, ಎಷ್ಟು ಹುಡುಗಿಯರು ಯಾವ ತರಗತಿಗೆ ಓದು ಬಿಟ್ಟರು ಎಂಬ ಲೆಕ್ಕ ಅರ್ಜಿಯ ಜೊತೆಗಿದ್ದರೆ ಅದನ್ನು ಬದಿಗಿಡುವುದು ಕಷ್ಟ.

ಇದಕ್ಕಿಂತ ಕಷ್ಟದ ಮಾತೊಂದಿದೆ, ಹೇಳದೆ ಬಿಟ್ಟರೆ ನಾನು ನನ್ನ ಕೆಲಸ ಮಾಡಿದಂತಾಗುವುದಿಲ್ಲ. ಬೀಜದ ಪಟ್ಟಿ, ಸಹಾಯಧನದ ಪಟ್ಟಿ, ಬೆಳೆ ಪರಿಹಾರದ ಪಟ್ಟಿ ಎಲ್ಲವೂ ಪಹಣಿಯಲ್ಲಿರುವ ಹೆಸರಿನ ಮೇಲೆ ನಡೆಯುತ್ತವೆ. ಬಿತ್ತುವಾಗ ಸಾಲಿನ ಹಿಂದೆ ನಡೆದವಳು, ಕಳೆ ಕಿತ್ತವಳು, ನಾಟಿ ಹಾಕಿದವಳು, ಮುಂದಿನ ವರ್ಷಕ್ಕೆ ಬೂದಿ ಬೆರೆಸಿ ಬೀಜ ಎತ್ತಿಟ್ಟವಳು ಆ ಪಟ್ಟಿಯಲ್ಲಿ ಇಲ್ಲ. ೨೦೧೫–೧೬ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಸಾಗುವಳಿ ಹಿಡುವಳಿಗಳನ್ನು ನಡೆಸುವವರಲ್ಲಿ ಹೆಂಗಸರು ಶೇಕಡಾ ೧೪ರ ಆಸುಪಾಸು ಮಾತ್ರ. ಗಂಡ ತೀರಿಕೊಂಡು, ಪೌತಿ ಖಾತೆ ಆಗದೆ, ಸಾಲವೂ ಸಿಗದೆ ಪರಿಹಾರವೂ ಬಾರದೆ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸನ್ನು ನೀವೂ ನೋಡಿದ್ದೀರಿ.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ನಾವೆಲ್ಲ ಕೇಳಿ ಬೆಳೆದವರು. ಕಾನೂನು ಅದನ್ನು ಒಪ್ಪುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಸಮಪಾಲು ಎಂದು ಕರ್ನಾಟಕವು ೧೯೯೪ರ ಜುಲೈ ೩೦ರಂದೇ ತಿದ್ದುಪಡಿಯನ್ನು ಜಾರಿಗೆ ತಂದಿತ್ತು. ಆದರೆ ಆ ಹೊತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳು ಅದರಿಂದ ಹೊರಗುಳಿದರು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವಳು ಆಗದವಳು ಎಂಬ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟ್ ೧೧ರಂದು ತೀರ್ಪು ಕೊಟ್ಟಿದೆ. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನೋಂದಣಿಯಾಗಿ ಮುಗಿದ ಪಾಲುಪಟ್ಟಿಗಳನ್ನು ಮಾತ್ರ ಮತ್ತೆ ಬಿಚ್ಚುವಂತಿಲ್ಲ.

ಈ ಮಾತು ಬಂದೊಡನೆ ಒಬ್ಬ ಹಿರಿಯರು ಎದ್ದು, "ಎರಡು ಎಕರೆಯನ್ನು ನಾಲ್ಕು ಪಾಲು ಮಾಡಿದರೆ ಯಾರಿಗೆ ಏನು ಉಳಿಯುತ್ತದೆ ತಮ್ಮಾ?" ಎಂದು ಕೇಳಿದರು. ಇಬ್ಬರು ಗಂಡುಮಕ್ಕಳಿಗೆ ಒಂದೊಂದು ಎಕರೆ ಹಂಚುವಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂದು ಅವರಿಗೆ ಹೇಳಿದೆ. ಜಮೀನು ಸಣ್ಣದಾಗುವ ಕಷ್ಟ ನಿಜವಾದದ್ದೇ. ಉಳುಮೆ ಒಟ್ಟಾಗಿ ಮಾಡಿ ಹುಟ್ಟುವಳಿ ಹಂಚಿಕೊಳ್ಳಬಹುದು, ಒಬ್ಬರು ಇನ್ನೊಬ್ಬರಿಗೆ ಬೆಲೆ ಕೊಟ್ಟು ಕೊಳ್ಳಬಹುದು. ಆದರೆ ಹಬ್ಬಕ್ಕೆ ಕರೆಸಿ, ಒಂದು ಸೀರೆ ಉಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿಯನ್ನು ನಾನು ಒಳ್ಳೆಯದೆನ್ನಲಾರೆ. ಸಹಿ ಹಾಕುವ ಮುಂಚೆ ಆ ಪತ್ರದಲ್ಲಿ ಏನಿದೆ ಎಂದು ಓದಿಸಿ ಕೇಳುವ ಹಕ್ಕು ಅವಳಿಗಿದೆ. ಮಹಿಳಾ ಮಂಡಲಿಯ ಓದುಬಲ್ಲ ಹುಡುಗಿಯರು ಅಷ್ಟನ್ನು ಮಾಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಉಚಿತವಾಗಿ ಕಾನೂನಿನ ನೆರವು ಸಿಗುತ್ತದೆ, ವಕೀಲರ ಫೀಸಿಗೆ ಹೆದರಬೇಕಾಗಿಲ್ಲ.

ಲೆಕ್ಕ ಬರೆಯುವ ಹಾಳೆಗಳನ್ನು ನಾನು ಸಿದ್ಧಪಡಿಸಿದ್ದೇನೆ. ಬೀದಿದೀಪಕ್ಕೆ ಒಂದು, ನೀರಿಗೆ ಒಂದು, ಶಾಲೆಗೆ ಒಂದು, ಪಹಣಿಯ ಹೆಸರುಗಳಿಗೆ ಒಂದು. ಊರಿಗೆ ನಾಲ್ಕು ಹಾಳೆಯಂತೆ ಮಹಿಳಾ ಮಂಡಲಿಯ ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಪ್ರೌಢಶಾಲೆಯ ಹುಡುಗ ಹುಡುಗಿಯರನ್ನು ಜೊತೆಗೆ ಸೇರಿಸಿಕೊಂಡು ಎರಡು ವಾರದಲ್ಲಿ ಬರೆಯಿಸಿ ಮುಗಿಸಬೇಕು. ಮಹಿಳಾ ಗ್ರಾಮಸಭೆಯ ದಿನ ಆ ಹಾಳೆಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡವಳಿ ಪುಸ್ತಕದಲ್ಲಿ ಬರೆಯಿಸಿ, ಬರೆದದ್ದರ ಒಂದು ನಕಲನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಂದ ಕೇಳಿ ಪಡೆದುಕೊಳ್ಳಿ. ಹಾಳೆ ಸಾಲದ ಊರಿನವರು ಸಂತೆಯ ದಿನ ಬೆಳಗ್ಗೆ ಹತ್ತು ಗಂಟೆಯಿಂದ ರೈತ ಸಂಪರ್ಕ ಕೇಂದ್ರದಲ್ಲಿ ನನ್ನನ್ನು ಕಾಣಬಹುದು.